ಹೃದಯದ ಗಾಯವೂ ದೇಹದ ದುರಸ್ತಿ ಸಂಕೇತಗಳೂ

(ಮುಂಬಯಿ ಕನ್ನಡಿಗರಿಗಾಗಿ ಸಿದ್ಧಪಡಿಸಿದ ಆರೋಗ್ಯ ಉಪನ್ಯಾಸದ ಪಠ್ಯ)

ದೇಹದ ಸಕಲ ಅಂಗಗಳಿಗೂ ರಕ್ತವನ್ನು ಹಂಚುವ ಹೃದಯವು ತನ್ನ ಸ್ವಂತ ಪೋಷಣೆಗಾಗಿ ಎರಡು ಸಣ್ಣ ಧಮನಿಗಳನ್ನು ಮಾತ್ರ ನೆಚ್ಚಿಕೊಂಡಿದೆ. ದೀಪದ ಬುಡ ಕತ್ತಲೆ ಎಂಬ ಗಾದೆಯಂತೆ, ಹೃದಯದ ಕೋಣೆಗಳಲ್ಲಿ ಸದಾಕಾಲ ರಕ್ತ ತುಂಬಿದ್ದರೂ ಆ ರಕ್ತವು ಕೋಣೆಯ ದಪ್ಪ ಗೋಡೆಯ ಆಳವನ್ನು ನೇರವಾಗಿ ತಲುಪಲಾರದು. ಮಹಾಧಮನಿಯ ಬುಡದಿಂದ ಕವಲೊಡೆದು, ಹೃದಯದ ಹೊರಮೈಯನ್ನು ಕಿರೀಟದಂತೆ ಸುತ್ತುವರಿದಿರುವ ಕರೋನರಿ ಧಮನಿಗಳೇ ಅದಕ್ಕೆ ಆಮ್ಲಜನಕವನ್ನೂ ಆಹಾರವನ್ನೂ ಒದಗಿಸಬೇಕು. ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುವ ಈ ಅಂಗಕ್ಕೆ ಬಿಡುವೆಂಬುದಿಲ್ಲ. ಆದುದರಿಂದ ಪೂರೈಕೆಯಲ್ಲಿ ಉಂಟಾಗುವ ವ್ಯತ್ಯಯವನ್ನು ಅದು ಹೆಚ್ಚು ಹೊತ್ತು ಸಹಿಸಲಾರದು.

ಕರೋನರಿ ಧಮನಿಯ ಒಳಗೋಡೆಯಲ್ಲಿ ಕೊಬ್ಬಿನ ಅಂಶ ಸೇರಿಕೊಂಡು ದಾರಿ ಕಿರಿದಾದಾಗ, ವೇಗವಾಗಿ ನಡೆಯುವಾಗಲೋ ಮೆಟ್ಟಿಲು ಹತ್ತುವಾಗಲೋ ಎದೆಯಲ್ಲಿ ಹಿಂಡಿದಂತಹ ನೋವು ಕಾಣಿಸಿಕೊಳ್ಳುತ್ತದೆ. ಇದು ಹೃದಯಶೂಲೆ. ಆ ಕಿರಿದಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ಣವಾಗಿ ಮುಚ್ಚಿಹೋದರೆ ಅದು ಹೃದಯಾಘಾತ. ನಾಯಿಗಳ ಮೇಲೆ ನಡೆದ ಪ್ರಯೋಗಗಳಿಂದ ತಿಳಿದುಬಂದಿರುವಂತೆ, ರಕ್ತ ನಿಂತ ಸುಮಾರು 20 ನಿಮಿಷಗಳ ಬಳಿಕ ಸ್ನಾಯುವಿನ ಜೀವಕೋಶಗಳು ಸಾಯತೊಡಗುತ್ತವೆ. ಈ ಸಾವು ಗೋಡೆಯ ಒಳಪದರದಲ್ಲಿ ಮೊದಲಾಗಿ ಅಲೆಯಂತೆ ಹೊರಪದರದ ಕಡೆಗೆ ಹರಡುತ್ತದೆ. ಆರು ಗಂಟೆಗಳಲ್ಲಿ ಅದು ಗೋಡೆಯ ಬಹುಭಾಗವನ್ನು ವ್ಯಾಪಿಸುತ್ತದೆ.

ಈ ಅವಧಿಯಲ್ಲಿ ದೇಹವು ಸುಮ್ಮನಿರುತ್ತದೆಯೇ? ಇಲ್ಲ. ಆಮ್ಲಜನಕ ಕಡಿಮೆಯಾದ ಕೂಡಲೇ ಜೀವಕೋಶಗಳು ಪರಸ್ಪರ ಸಂದೇಶ ಕಳುಹಿಸತೊಡಗುತ್ತವೆ. ವೃದ್ಧಿಕಾರಕಗಳು ಎಂದು ಕರೆಯಲಾಗುವ ಪ್ರೋಟೀನುಗಳು ಈ ಸಂದೇಶಗಳ ಪ್ರಮುಖ ವಾಹಕಗಳು. ಅವುಗಳ ಕಾರ್ಯವಿಧಾನ ಯಾವುದು, ಅವುಗಳಿಂದ ಎಷ್ಟನ್ನು ನಿರೀಕ್ಷಿಸಬಹುದು, ಎಷ್ಟನ್ನು ನಿರೀಕ್ಷಿಸಬಾರದು ಎಂಬುದನ್ನು ವಿವರಿಸುವುದು ಈ ಉಪನ್ಯಾಸದ ಉದ್ದೇಶ.

ಪರೇಲಿನ ಪ್ರಯೋಗ

ಗಾಯಗೊಂಡ ಹೃದಯಕ್ಕೆ ಹೊಸ ದಾರಿಯಿಂದ ರಕ್ತ ಒದಗಿಸುವ ಯತ್ನದ ಚರಿತ್ರೆಯಲ್ಲಿ ಮುಂಬಯಿ ನಗರಕ್ಕೆ ವಿಶಿಷ್ಟ ಸ್ಥಾನವಿದೆ. ಬಟ್ಟೆ ಗಿರಣಿಗಳ ಪ್ರದೇಶವಾಗಿದ್ದ ಪರೇಲಿನಲ್ಲಿ 1926ರಲ್ಲಿ ಆರಂಭವಾದ ಕೆ.ಇ.ಎಂ. ಆಸ್ಪತ್ರೆ ಮತ್ತು ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜು ಮಹಾನಗರಪಾಲಿಕೆಯ ಆಡಳಿತಕ್ಕೆ ಸೇರಿದ ಸಂಸ್ಥೆಗಳು. 1960ರ ದಶಕದಲ್ಲಿ ಇಲ್ಲಿನ ಶಸ್ತ್ರವೈದ್ಯ ಡಾ. ಪ್ರಫುಲ್ಲ ಕುಮಾರ್ ಸೇನ್ ಮತ್ತು ಅವರ ಸಹೋದ್ಯೋಗಿಗಳು ಹೃದಯಸ್ನಾಯುವಿಗೆ ರಕ್ತ ತಲುಪಿಸುವ ಬಗೆಯನ್ನು ಅರಸುತ್ತಿದ್ದರು. ಆಗ ಬೈಪಾಸ್ ಶಸ್ತ್ರಚಿಕಿತ್ಸೆ ರೂಢಿಗೆ ಬಂದಿರಲಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಾ. ರೆನೆ ಫವಲೋರೊ ಅವರು ಕಾಲಿನ ಸಿರೆಯನ್ನು ಬಳಸಿ ಈ ಚಿಕಿತ್ಸೆಯನ್ನು ಕೈಗೊಂಡಿದ್ದು 1967ರಲ್ಲಿ. ಬಲೂನಿನಿಂದ ಕರೋನರಿ ಧಮನಿಯನ್ನು ಹಿಗ್ಗಿಸುವ ಚಿಕಿತ್ಸೆ ಸ್ವಿಟ್ಜರ್ಲೆಂಡಿನ ಜೂರಿಚ್‌ನಲ್ಲಿ ಮೊದಲಾಗಿದ್ದು 1977ರಲ್ಲಿ.

ಡಾ. ಸೇನ್ ಅವರ ತಂಡವು ಹಾವಿನ ಹೃದಯದಿಂದ ಒಂದು ವಿಚಾರವನ್ನು ಪಡೆಯಿತು. ಸರೀಸೃಪಗಳ ಹೃದಯದ ಗೋಡೆ ಬಹುಮಟ್ಟಿಗೆ ಸ್ಪಂಜಿನಂತೆ ಸಂದುಗಳಿಂದ ಕೂಡಿದೆ. ಕೋಣೆಯಲ್ಲಿರುವ ರಕ್ತ ಆ ಸಂದುಗಳ ಮೂಲಕ ಸ್ನಾಯುವನ್ನು ನೇರವಾಗಿ ಸೇರುತ್ತದೆ. ಮನುಷ್ಯನ ಹೃದಯದ ಗೋಡೆಯಲ್ಲಿಯೂ ಅಂತಹ ಸೂಕ್ಷ್ಮ ದಾರಿಗಳನ್ನು ನಿರ್ಮಿಸಿದರೆ ಹೇಗೆ? ಸೂಜಿಯಿಂದ ಹೃದಯದ ಗೋಡೆಯಲ್ಲಿ ಅನೇಕ ರಂಧ್ರಗಳನ್ನು ಮಾಡುವ ಈ ವಿಧಾನವನ್ನು ನಾಯಿಗಳ ಮೇಲೆ ಪರೀಕ್ಷಿಸಲಾಯಿತು. ಕರೋನರಿ ಧಮನಿಯನ್ನು ಕಟ್ಟಿದಾಗಲೂ ಇದರಿಂದ ರಕ್ಷಣೆ ದೊರೆಯುವುದೆಂದು ಡಾ. ಸೇನ್, ಡಾ. ಟಿ. ಇ. ಉದ್ವಾಡಿಯಾ, ಡಾ. ಎಸ್. ಜಿ. ಕಿನಾರೆ ಮತ್ತು ಡಾ. ಜಿ. ಬಿ. ಪಾರುಳ್ಕರ್ ಅವರು 1965ರಲ್ಲಿ ಅಮೆರಿಕದ ಶಸ್ತ್ರವೈದ್ಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಅಧ್ಯಯನದ ಮುಂದಿನ ಭಾಗ 1968ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಡಾ. ಸೇನ್ ಅವರು ಇದೇ ಆಸ್ಪತ್ರೆಯಲ್ಲಿ ಭಾರತದ ಪ್ರಪ್ರಥಮ ಹೃದಯ ಕಸಿಯನ್ನು ನೆರವೇರಿಸಿದರು. ರೋಗಿಯು ಕೆಲವೇ ಗಂಟೆಗಳ ಕಾಲ ಬದುಕಿದ್ದರು. ಜನರ ನೆನಪಿನಲ್ಲಿ ಉಳಿದಿರುವುದು ಆ ಕಸಿಯೇ ಹೊರತು ಸೂಜಿಯ ಪ್ರಯೋಗವಲ್ಲ.

ಮುಚ್ಚಿದ ರಂಧ್ರಗಳು, ಉಳಿದ ಪ್ರಶ್ನೆ

ಸೂಜಿಯ ರಂಧ್ರಗಳು ಬಹುಕಾಲ ತೆರೆದಿರಲಾರವು ಎಂಬ ಆಕ್ಷೇಪ ಬೇಗನೆ ಕೇಳಿಬಂತು. ಬೈಪಾಸ್ ಚಿಕಿತ್ಸೆಯ ಯಶಸ್ಸಿನಿಂದ ಈ ವಿಧಾನ ಹಿಂದೆ ಸರಿಯಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ಡಾ. ಮಹಮೂದ್ ಮಿರ್‌ಹೊಸೇನಿ ಅವರು ಸೂಜಿಯ ಬದಲು ಲೇಸರ್ ಕಿರಣವನ್ನು ಬಳಸಿ ಅದೇ ವಿಚಾರಕ್ಕೆ ಮರುಜೀವ ನೀಡಿದರು. ಬೈಪಾಸ್ ಅಥವಾ ಬಲೂನ್ ಚಿಕಿತ್ಸೆ ಸಾಧ್ಯವಿಲ್ಲದ, ತೀವ್ರ ಹೃದಯಶೂಲೆಯಿಂದ ಬಳಲುವವರಿಗಾಗಿ ಈ ಲೇಸರ್ ಚಿಕಿತ್ಸೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1998ರಲ್ಲಿ ಅನುಮತಿ ನೀಡಿತು. 1999ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಅನೇಕ ರೋಗಿಗಳ ನೋವು ಗಮನಾರ್ಹವಾಗಿ ಕಡಿಮೆಯಾದುದು ಕಂಡುಬಂದಿತು.

ಆದರೆ ಇಲ್ಲಿ ಒಂದು ಒಗಟು ಎದುರಾಯಿತು. ಲೇಸರ್ ಮಾಡಿದ ರಂಧ್ರಗಳೂ ಸ್ವಲ್ಪ ಕಾಲದಲ್ಲಿಯೇ ಮುಚ್ಚಿಹೋಗುತ್ತಿದ್ದವು. ರಂಧ್ರವೇ ಇಲ್ಲದ ಮೇಲೆ ನೋವು ಶಮನವಾದುದು ಹೇಗೆ? ಮುಚ್ಚಿದ ರಂಧ್ರಗಳ ಸುತ್ತಮುತ್ತ ಹೊಸ ಲೋಮನಾಳಗಳು ಮೊಳೆತಿರುವುದನ್ನು ಪ್ರಾಣಿಗಳ ಹೃದಯದಲ್ಲಿ ಸಂಶೋಧಕರು ಕಂಡರು. ಆ ಭಾಗದಲ್ಲಿ ವೃದ್ಧಿಕಾರಕಗಳ ಪ್ರಮಾಣವೂ ಏರಿತ್ತು. ಅಂದರೆ ರಂಧ್ರವು ರಕ್ತದ ದಾರಿಯಾಗಿ ಕೆಲಸ ಮಾಡದೆ, ದೇಹದ ದುರಸ್ತಿ ವ್ಯವಸ್ಥೆಯನ್ನು ಎಚ್ಚರಿಸುವ ಗಾಯವಾಗಿ ಕೆಲಸ ಮಾಡಿರಬಹುದು ಎಂಬ ವಿವರಣೆ ಮುಂದೆ ಬಂದಿತು. ನೋವಿನ ನರಗಳು ಸುಟ್ಟುಹೋಗಿರಬಹುದು, ಚಿಕಿತ್ಸೆ ದೊರೆತಿದೆ ಎಂಬ ನಂಬಿಕೆಯಿಂದಲೇ ನೋವು ತಗ್ಗಿರಬಹುದು ಎಂದು ಮತ್ತೆ ಕೆಲವರು ವಾದಿಸಿದರು. ಧಮನಿಯ ಮೂಲಕ ನಳಿಕೆ ಸೇರಿಸಿ ಲೇಸರ್ ಹಾಯಿಸುವ ವಿಧಾನವನ್ನು, ಲೇಸರ್ ಹಾಯಿಸದೆ ಅದೇ ಕ್ರಮವನ್ನು ಅನುಸರಿಸಿದ ಗುಂಪಿನೊಡನೆ ಹೋಲಿಸಿದ ಪರೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಹೀಗೆ ಈ ಚಿಕಿತ್ಸೆಯ ಬೆಲೆ ಕುಗ್ಗಿದರೂ, ಗಾಯಕ್ಕೆ ಹೃದಯವು ಹೇಗೆ ಸ್ಪಂದಿಸುತ್ತದೆ ಎಂಬ ಪ್ರಶ್ನೆಯ ಬೆಲೆ ಹೆಚ್ಚಿತು.

ಸಂಕೇತ ಸಾಗುವ ಬಗೆ

ವೃದ್ಧಿಕಾರಕಗಳ ಶೋಧಕ್ಕಾಗಿ ರೀಟಾ ಲೆವಿ-ಮೊಂಟಾಲ್ಸಿನಿ ಮತ್ತು ಸ್ಟಾನ್ಲಿ ಕೋಹೆನ್ ಅವರಿಗೆ 1986ರ ನೊಬೆಲ್ ಪಾರಿತೋಷಕ ದೊರೆಯಿತು. ಇವು ಒಂದು ಜೀವಕೋಶದಿಂದ ಹೊರಬಿದ್ದು ಮತ್ತೊಂದರ ಮೇಲೆ ಪರಿಣಾಮ ಬೀರುವ ಪ್ರೋಟೀನುಗಳು. ಇವು ಸಾಮಾನ್ಯವಾಗಿ ಜೀವಕೋಶದ ಒಳಗೆ ಪ್ರವೇಶಿಸಬೇಕಾಗಿಲ್ಲ. ಅದರ ಹೊರಪೊರೆಯಲ್ಲಿರುವ ಗ್ರಾಹಿ ಎಂಬ ರಚನೆಗೆ ಅಂಟಿಕೊಂಡರೆ ಸಾಕು. ಮನೆಯ ಹೊರಬಾಗಿಲಿನಲ್ಲಿ ಗಂಟೆ ಒತ್ತಿದಾಗ ಒಳಗಿನವರು ಎಚ್ಚೆತ್ತು ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿಸುವಂತೆ, ಗ್ರಾಹಿಯ ಒಳತುದಿಯಲ್ಲಿರುವ ಕಿಣ್ವವು ಚುರುಕುಗೊಂಡು ಒಂದು ಪ್ರೋಟೀನಿನಿಂದ ಮತ್ತೊಂದಕ್ಕೆ ಸಂಕೇತವನ್ನು ದಾಟಿಸುತ್ತದೆ. ಕೊನೆಗೆ ಅದು ಜೀವಕೋಶದ ಕೇಂದ್ರವನ್ನು ತಲುಪಿ, ಯಾವ ವಂಶವಾಹಿ ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸುತ್ತದೆ.

ಆಮ್ಲಜನಕದ ಕೊರತೆ ಜೀವಕೋಶಕ್ಕೆ ತಿಳಿಯುವುದು ಹೇಗೆ? ಎಚ್.ಐ.ಎಫ್. ಎಂಬ ಪ್ರೋಟೀನು ಪ್ರತಿ ಜೀವಕೋಶದಲ್ಲಿಯೂ ಸದಾ ತಯಾರಾಗುತ್ತಿರುತ್ತದೆ. ಆಮ್ಲಜನಕ ಸಾಕಷ್ಟಿದ್ದಾಗ ಅದು ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಆಮ್ಲಜನಕ ಕಡಿಮೆಯಾದಾಗ ನಾಶವಾಗದೆ ಉಳಿದು, ರಕ್ತನಾಳಗಳ ಬೆಳವಣಿಗೆಗೆ ಬೇಕಾದ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಈ ವ್ಯವಸ್ಥೆಯನ್ನು ವಿವರಿಸಿದ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರು 2019ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಹೀಗೆ ಚಾಲನೆಗೊಳ್ಳುವ ವಂಶವಾಹಿಗಳಲ್ಲಿ ರಕ್ತನಾಳ ವೃದ್ಧಿಕಾರಕದ್ದು ಮುಖ್ಯವಾದುದು. ವಿ.ಇ.ಜಿ.ಎಫ್. ಎಂದು ಹೆಸರಾದ ಈ ವೃದ್ಧಿಕಾರಕವು ನೆರೆಯ ರಕ್ತನಾಳದ ಒಳಪದರದ ಜೀವಕೋಶಗಳನ್ನು ಎಚ್ಚರಿಸಿ, ಬಳ್ಳಿಯ ಕುಡಿಯಂತೆ ಹೊಸ ನಾಳಗಳು ಚಾಚುವಂತೆ ಮಾಡುತ್ತದೆ.

ಹೊಸ ನಾಳ ಮೂಡಲು ದಿನಗಳು, ವಾರಗಳು ಬೇಕು. ಅಪಾಯದಲ್ಲಿರುವ ಸ್ನಾಯುವಿಗೆ ಅಷ್ಟು ಸಮಯವಿಲ್ಲ. ಆದ್ದರಿಂದ ಇನ್ಸುಲಿನ್‌ನ ಬಂಧುವಾದ ಐ.ಜಿ.ಎಫ್.-1, ಎಫ್.ಜಿ.ಎಫ್.-2, ನ್ಯೂರೆಗ್ಯುಲಿನ್ ಮೊದಲಾದ ವೃದ್ಧಿಕಾರಕಗಳು ಮತ್ತೊಂದು ಕೆಲಸ ಮಾಡುತ್ತವೆ. ಇವುಗಳ ಸಂಕೇತವು ಜೀವಕೋಶದೊಳಗಿನ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳು ಒಡೆಯದಂತೆ ಕಾಪಾಡಿ, ಸಾವಿನಂಚಿನಲ್ಲಿರುವ ಜೀವಕೋಶವನ್ನು ಉಳಿಸಲು ನೆರವಾಗುತ್ತದೆ. ಹೃದಯದಲ್ಲಿ ಇಂತಹ ಆತ್ಮರಕ್ಷಣೆಯ ಶಕ್ತಿ ಅಡಗಿದೆ ಎಂಬುದಕ್ಕೆ 1986ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು ಸಾಕ್ಷಿ ಒದಗಿಸಿತು. ನಾಯಿಯ ಕರೋನರಿ ಧಮನಿಯನ್ನು ಮೊದಲು ನಾಲ್ಕು ಬಾರಿ ತಲಾ 5 ನಿಮಿಷ ಮುಚ್ಚಿ ತೆರೆದು, ಆ ಬಳಿಕ 40 ನಿಮಿಷ ಮುಚ್ಚಲಾಯಿತು. ಹೀಗೆ ಮೊದಲೇ ಸಜ್ಜುಗೊಂಡ ಹೃದಯದಲ್ಲಿ ಸತ್ತ ಸ್ನಾಯುವಿನ ಪ್ರಮಾಣ ಇತರ ಹೃದಯಗಳಿಗಿಂತ ಕಾಲುಭಾಗದಷ್ಟೇ ಇತ್ತು. ಈ ರಕ್ಷಣೆಯ ಹಿಂದೆಯೂ ಇದೇ ಬಗೆಯ ಸಂಕೇತಸರಣಿಗಳು ಕೆಲಸ ಮಾಡುತ್ತವೆಂದು ನಂತರದ ಅಧ್ಯಯನಗಳು ತೋರಿಸಿದವು.

ಬೆಳವಣಿಗೆಯ ಎರಡು ಮುಖಗಳು

ಬೆಳವಣಿಗೆ ಎಂದೊಡನೆ ಒಳ್ಳೆಯದೇ ಎಂದು ಭಾವಿಸುವುದು ಸರಿಯಲ್ಲ. ಹೃದಯಾಘಾತದ ಅನಂತರದ ದಿನಗಳಲ್ಲಿ ಸತ್ತ ಸ್ನಾಯುವನ್ನು ಬಿಳಿ ರಕ್ತಕಣಗಳು ತೆರವು ಮಾಡುತ್ತವೆ. ಆಗ ಟಿ.ಜಿ.ಎಫ್.-ಬೀಟಾ ಎಂಬ ವೃದ್ಧಿಕಾರಕವು ನಾರಿನ ಅಂಗಾಂಶ ಬೆಳೆಯುವಂತೆ ಪ್ರೇರೇಪಿಸಿ, ಆ ಜಾಗವನ್ನು ಗಟ್ಟಿಯಾದ ಕಲೆಯಿಂದ ತುಂಬಿಸುತ್ತದೆ. ಈ ಕಲೆ ಇಲ್ಲದಿದ್ದರೆ ಹೃದಯದ ಗೋಡೆ ಹರಿದೇ ಹೋದೀತು. ಆದರೆ ಅದೇ ಸಂಕೇತ ನಿಲ್ಲದೆ ಮುಂದುವರಿದರೆ ಆರೋಗ್ಯವಂತ ಭಾಗದಲ್ಲಿಯೂ ನಾರು ಬೆಳೆದು ಹೃದಯ ಪೆಡಸಾಗುತ್ತದೆ, ಕ್ರಮೇಣ ಹಿಗ್ಗಿ ದುರ್ಬಲವಾಗುತ್ತದೆ.

ಹೀಗೆ ಅತಿಯಾಗುವ ಸಂಕೇತಗಳನ್ನು ತಗ್ಗಿಸುವ ಔಷಧಗಳೇ ಈವರೆಗೆ ಹೆಚ್ಚು ಫಲ ನೀಡಿವೆ ಎಂಬುದು ಉಲ್ಲೇಖನೀಯ. ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ಹೃದಯದ ಈ ಅನಪೇಕ್ಷಿತ ಬೆಳವಣಿಗೆಯನ್ನು ಪ್ರಚೋದಿಸುತ್ತದೆ. ಅದರ ಉತ್ಪಾದನೆಯನ್ನು ತಡೆಯುವ ಕ್ಯಾಪ್ಟೊಪ್ರಿಲ್ ಮಾತ್ರೆಯನ್ನು ಹೃದಯಾಘಾತದಿಂದ ದುರ್ಬಲರಾದ 2,231 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 1992ರಲ್ಲಿ ಪ್ರಕಟವಾಯಿತು. ಮಾತ್ರೆ ಪಡೆದವರಲ್ಲಿ ಸಾವಿನ ಪ್ರಮಾಣ ಶೇಕಡಾ 19ರಷ್ಟು ಕಡಿಮೆಯಿತ್ತು. ಬ್ರೆಜಿಲಿನ ಹಾವೊಂದರ ವಿಷದ ಅಧ್ಯಯನವು ಈ ಔಷಧದ ಶೋಧಕ್ಕೆ ದಾರಿ ತೋರಿತ್ತು. ಇಂದಿಗೂ ಹೃದಯಾಘಾತದ ಬಳಿಕ ಅನೇಕರಿಗೆ ಈ ವರ್ಗದ ಮಾತ್ರೆಗಳನ್ನು ನೀಡಲಾಗುತ್ತದೆ. ಎದೆನೋವು ಹೋಯಿತೆಂದು ಇವನ್ನು ತಾವಾಗಿಯೇ ನಿಲ್ಲಿಸುವವರು, ಕಣ್ಣಿಗೆ ಕಾಣದೆ ನಡೆಯುವ ಹಾನಿಗೆ ಬಾಗಿಲು ತೆರೆದಂತಾಗುತ್ತದೆ.

ಔಷಧವಾಗಿ ವೃದ್ಧಿಕಾರಕ

ಹಾಗಾದರೆ ರಕ್ತನಾಳ ಬೆಳೆಸುವ ವೃದ್ಧಿಕಾರಕವನ್ನು ನೇರವಾಗಿ ಹೃದಯಕ್ಕೆ ನೀಡಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಪ್ರಾಣಿಗಳಲ್ಲಿ ಆಶಾದಾಯಕ ಫಲ ದೊರೆತುದರಿಂದ ಮನುಷ್ಯರಲ್ಲಿಯೂ ಇದನ್ನು ಪರೀಕ್ಷಿಸಲಾಯಿತು. ಎಫ್.ಜಿ.ಎಫ್.-2ನ್ನು 337 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2002ರಲ್ಲಿಯೂ, ರಕ್ತನಾಳ ವೃದ್ಧಿಕಾರಕವನ್ನು 178 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2003ರಲ್ಲಿಯೂ ಪ್ರಕಟವಾದವು. ಔಷಧ ಪಡೆದವರೂ ಬರಿಯ ದ್ರಾವಣ ಪಡೆದವರೂ ಬಹುಮಟ್ಟಿಗೆ ಸಮನಾಗಿಯೇ ಸುಧಾರಿಸಿದ್ದರು. ಪರೀಕ್ಷೆಗೆ ಮುನ್ನ ನಿಗದಿಪಡಿಸಿದ್ದ ವ್ಯಾಯಾಮ ಸಾಮರ್ಥ್ಯದ ಗುರಿಯನ್ನು ಎರಡೂ ಔಷಧಗಳು ತಲುಪಲಿಲ್ಲ.

ಇದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಚುಚ್ಚುಮದ್ದಿನಿಂದ ನೀಡಿದ ಪ್ರೋಟೀನು ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಗಟ್ಟಿಯಾದ ರಕ್ತನಾಳ ರೂಪುಗೊಳ್ಳಲು ಒಂದೇ ಸಂಕೇತ ಸಾಲದು. ಹಲವು ಸಂಕೇತಗಳು ಸರಿಯಾದ ಕ್ರಮದಲ್ಲಿ, ಸರಿಯಾದ ಕಾಲದಲ್ಲಿ ಬರಬೇಕು. ಮೇಲಾಗಿ, ಪ್ರಯೋಗದ ಪ್ರಾಣಿಗಳು ಎಳೆಯ ವಯಸ್ಸಿನ ಆರೋಗ್ಯವಂತ ಪ್ರಾಣಿಗಳು. ರೋಗಿಗಳಾದರೋ ವಯಸ್ಸಾದವರು, ಅನೇಕರು ಮಧುಮೇಹಿಗಳು. ಇನ್ನೊಂದು ಅಪಾಯವೂ ಇದೆ. ಮಧುಮೇಹಿಗಳ ಅಕ್ಷಿಪಟಲದಲ್ಲಿ ಬೇಡದ ನಾಳಗಳನ್ನು ಬೆಳೆಸಿ ದೃಷ್ಟಿಗೆ ಕುತ್ತು ತರುವುದೂ, ಅರ್ಬುದ ಗೆಡ್ಡೆಗಳಿಗೆ ರಕ್ತ ಒದಗಿಸುವುದೂ ಇದೇ ರಕ್ತನಾಳ ವೃದ್ಧಿಕಾರಕ. ಕಣ್ಣಿನ ವೈದ್ಯರು ಇಂದು ಅದನ್ನು ತಡೆಯಲು ಚುಚ್ಚುಮದ್ದು ನೀಡುತ್ತಾರೆ.

ಸತ್ತ ಹೃದಯಸ್ನಾಯು ತಾನಾಗಿ ಮತ್ತೆ ಬೆಳೆಯುವುದೂ ಅತ್ಯಲ್ಪ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಲೆಕ್ಕಹಾಕಿದಂತೆ 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇಕಡಾ 1ರಷ್ಟು, 75ರ ವಯಸ್ಸಿನಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ ಸ್ನಾಯುಕೋಶಗಳು ಮಾತ್ರ ಹೊಸದಾಗಿ ಹುಟ್ಟುತ್ತವೆ. ಆದಕಾರಣ ಕಳೆದುಕೊಂಡುದನ್ನು ಮರಳಿ ಪಡೆಯುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದೇ ಹೃದಯಾಘಾತದ ಚಿಕಿತ್ಸೆಯ ಮೂಲಸೂತ್ರ.

ನಗರವಾಸಿಗಳು ತಿಳಿದಿರಬೇಕಾದುದು

ದೇಹದ ರಕ್ಷಣಾ ಸಂಕೇತಗಳು ಸ್ನಾಯುವಿಗೆ ಸ್ವಲ್ಪ ಕಾಲಾವಕಾಶ ದೊರಕಿಸಿಕೊಡಬಲ್ಲವು. ಮುಚ್ಚಿದ ಧಮನಿಯನ್ನು ಅವು ತೆರೆಯಲಾರವು. ಅದನ್ನು ತೆರೆಯುವುದು ಆಸ್ಪತ್ರೆಯ ಕೆಲಸ. 1988ರಲ್ಲಿ ಪ್ರಕಟವಾದ, 17,187 ರೋಗಿಗಳನ್ನು ಒಳಗೊಂಡ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಆಸ್ಪಿರಿನ್ ಮತ್ತು ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಔಷಧವನ್ನು ಒಟ್ಟಿಗೆ ನೀಡಿದಾಗ ಐದು ವಾರಗಳೊಳಗಿನ ಸಾವುಗಳು ಶೇಕಡಾ 42ರಷ್ಟು ಕಡಿಮೆಯಾದವು. ಬಲೂನ್ ಮತ್ತು ಸ್ಟೆಂಟ್ ಚಿಕಿತ್ಸೆಯಿಂದ ಇಂದು ಧಮನಿಯನ್ನು ಇನ್ನೂ ಖಚಿತವಾಗಿ ತೆರೆಯಬಹುದು. ಆದರೆ ಯಾವ ಚಿಕಿತ್ಸೆಯೇ ಆಗಲಿ, ತಡವಾದಷ್ಟೂ ಅದರ ಫಲ ಕುಗ್ಗುತ್ತದೆ.

ದಹಿಸರ್, ಮುಲುಂಡ್, ಮಾನ್‌ಖುರ್ದ್‌ಗಳವರೆಗೆ ಹಬ್ಬಿರುವ ಮುಂಬಯಿ ಉಪನಗರಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಇಲ್ಲಿ ಎದೆನೋವು ಬಂದವರು ಅದನ್ನು ‘ಗ್ಯಾಸ್’ ಎಂದು ತಿಳಿದು ಸೋಡಾ ಕುಡಿದು ಕಾಯುವುದುಂಟು. ಲೋಕಲ್ ರೈಲು ಹಿಡಿದು, ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳನ್ನು ಹತ್ತಿಳಿದು, ಪರಿಚಿತ ವೈದ್ಯರನ್ನು ಹುಡುಕಿ ಹೋಗುವವರೂ ಉಂಟು. ರಕ್ತ ಕಡಿಮೆಯಾದ ಹೃದಯದ ಮೇಲೆ ಈ ಪ್ರತಿಯೊಂದು ಮೆಟ್ಟಿಲೂ ಹೊರೆ. ಎದೆಯ ನಡುವೆ ಹಿಂಡಿದಂತಹ ನೋವು, ಅದು ಎಡತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಉಸಿರಿನ ತೊಂದರೆ ಇವು ಕಾಣಿಸಿಕೊಂಡರೆ ರೋಗಿಯನ್ನು ನಡೆಸದೆ ಕುಳ್ಳಿರಿಸಿ 108ಕ್ಕೆ ಕರೆ ಮಾಡಬೇಕು, ಇ.ಸಿ.ಜಿ. ಸೌಲಭ್ಯವುಳ್ಳ ಸಮೀಪದ ಆಸ್ಪತ್ರೆಗೆ ಸಾಗಿಸಬೇಕು. ಆಸ್ಪಿರಿನ್ ನೀಡುವ ಬಗ್ಗೆ ವೈದ್ಯರ ಸೂಚನೆಯನ್ನು ಫೋನಿನಲ್ಲಿಯೇ ಕೇಳಬಹುದು. ಮಹಿಳೆಯರಲ್ಲಿಯೂ ಮಧುಮೇಹಿಗಳಲ್ಲಿಯೂ ನೋವು ಸ್ಪಷ್ಟವಾಗಿರದೆ ಕೇವಲ ಸುಸ್ತು, ವಾಕರಿಕೆ, ಏದುಸಿರು ಇರಬಹುದೆಂಬುದನ್ನು ಮರೆಯಬಾರದು. ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ಸಯನ್ ಆಸ್ಪತ್ರೆ, ಪಶ್ಚಿಮ ಉಪನಗರದ ಕೂಪರ್ ಇವು ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು. ತಮ್ಮ ಮನೆಗೂ ಕೆಲಸದ ಸ್ಥಳಕ್ಕೂ ಸಮೀಪವಿರುವ ಆಸ್ಪತ್ರೆ ಯಾವುದೆಂಬುದನ್ನು ಪ್ರತಿ ಕುಟುಂಬವೂ ಮುಂಚಿತವಾಗಿಯೇ ತಿಳಿದಿರುವುದು ಲೇಸು.

ದಕ್ಷಿಣ ಏಷ್ಯಾದವರಲ್ಲಿ ಮೊದಲ ಹೃದಯಾಘಾತವು ಇತರ ದೇಶಗಳವರಿಗಿಂತ ಐದಾರು ವರ್ಷ ಮೊದಲೇ, ಸರಾಸರಿ 53ರ ವಯಸ್ಸಿನಲ್ಲಿ ಸಂಭವಿಸುತ್ತದೆಂದು 52 ದೇಶಗಳಲ್ಲಿ ನಡೆದ ಅಧ್ಯಯನವೊಂದು ತೋರಿಸಿದೆ. ಅಂದರೆ ಮಕ್ಕಳ ವಿದ್ಯಾಭ್ಯಾಸ ಮುಗಿಯುವ ಮುನ್ನವೇ, ದುಡಿಯುವ ವ್ಯಕ್ತಿಯೇ ಹಾಸಿಗೆ ಹಿಡಿಯುವ ಸಂಭವವಿದೆ. ತಂಬಾಕು, ರಕ್ತದೊತ್ತಡ, ಮಧುಮೇಹ, ರಕ್ತದಲ್ಲಿ ಹೆಚ್ಚಿದ ಕೊಬ್ಬು, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ ಇವು ಅದಕ್ಕೆ ಮುಖ್ಯ ಕಾರಣಗಳು. ಹೋಟೆಲುಗಳಲ್ಲಿ ಹಗಲಿರುಳು ದುಡಿಯುವ, ಊಟ ನಿದ್ದೆಗಳಿಗೆ ಹೊತ್ತುಗೊತ್ತು ಇಲ್ಲದ ನಮ್ಮವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಚೇತರಿಕೆಯ ಕಾಲ

ಹೃದಯಾಘಾತದಿಂದ ಪಾರಾದವರು ಮಂಚ ಹಿಡಿದು ಕೂರಬೇಕೆಂಬ ಭಾವನೆ ಹಳೆಯದು. ವೈದ್ಯರ ಸಲಹೆಯಂತೆ ಹಂತಹಂತವಾಗಿ ನಡಿಗೆಯನ್ನು ಹೆಚ್ಚಿಸಿದಾಗ ಧಮನಿಗಳಲ್ಲಿ ರಕ್ತದ ಹರಿವು ಏರಿ, ಅವುಗಳ ಒಳಪದರವು ನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಹೆಚ್ಚಾಗಿ ಉತ್ಪಾದಿಸುತ್ತದೆ. ವ್ಯಾಯಾಮ ಮಾಡುವ ಸ್ನಾಯುಗಳಲ್ಲಿ ರಕ್ತನಾಳ ವೃದ್ಧಿಕಾರಕವೂ ಹೆಚ್ಚುತ್ತದೆ. ಚುಚ್ಚುಮದ್ದಿನಿಂದ ಸಾಧಿಸಲಾಗದ ಕ್ರಮಬದ್ಧ ಸಂಕೇತಗಳನ್ನು ದೇಹವು ಇಲ್ಲಿ ತಾನಾಗಿಯೇ ಒದಗಿಸಿಕೊಳ್ಳುತ್ತದೆ. ಧೂಮಪಾನವು ಧಮನಿಯ ಈ ಒಳಪದರಕ್ಕೇ ಪೆಟ್ಟು ಕೊಡುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಹೃದಯಾಘಾತದ ಅನಂತರ ಎಷ್ಟೇ ಖರ್ಚಾದರೂ ಸರಿ ಎಂಬ ಸ್ಥಿತಿಯಲ್ಲಿರುವ ಕುಟುಂಬಗಳಿಗೆ ಆಕರಕೋಶ ಅಥವಾ ವೃದ್ಧಿಕಾರಕಗಳಿಂದ ಹೃದಯವನ್ನು ಹೊಸದಾಗಿ ಬೆಳೆಸುವ ಭರವಸೆ ನೀಡುವವರು ಎದುರಾಗಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೃದಯರೋಗಕ್ಕೆ ಆಕರಕೋಶಗಳ ಬಳಕೆಯು ಅನುಮೋದಿತ ಸಂಶೋಧನಾ ಪರೀಕ್ಷೆಯ ಹೊರಗೆ ಸಲ್ಲದು. ಸಂಶೋಧನೆಯಲ್ಲಿ ಭಾಗವಹಿಸುವವರಿಂದ ಲಿಖಿತ ಸಮ್ಮತಿ ಪಡೆಯಬೇಕು. ಪರೀಕ್ಷೆಗೊಳಗಾಗುವ ಔಷಧಕ್ಕಾಗಿ ಅವರು ಹಣ ತೆರಬೇಕಾಗಿಲ್ಲ. ಹಣ ಕೇಳುವವರನ್ನು, ಈ ಪರೀಕ್ಷೆಗೆ ಅನುಮತಿ ನೀಡಿದವರು ಯಾರು ಎಂದು ಕೇಳುವ ಹಕ್ಕು ಪ್ರತಿ ರೋಗಿಗೂ ಇದೆ.

ಪರೇಲಿನ ವೈದ್ಯರು ಹಾವಿನ ಹೃದಯದಿಂದ ಪಡೆದ ವಿಚಾರವು ಅವರು ನಿರೀಕ್ಷಿಸಿದ ರೀತಿಯಲ್ಲಿ ಫಲಿಸಲಿಲ್ಲ. ಆದರೆ ಹೃದಯದ ಗಾಯವು ಜಡವಾದ ಹಾನಿಯಲ್ಲ, ಅಲ್ಲಿ ದುರಸ್ತಿಯ ಕೆಲಸ ಸದಾ ನಡೆಯುತ್ತಿರುತ್ತದೆ ಎಂಬ ತಿಳಿವಳಿಕೆಗೆ ಮುಂದೆ ಅದು ದಾರಿಯಾಯಿತು. ಆ ಕೆಲಸವನ್ನು ಔಷಧದಿಂದ ನಿಯಂತ್ರಿಸುವ ಬಗೆಯನ್ನು ವಿಜ್ಞಾನವು ಇನ್ನೂ ಅರಸುತ್ತಿದೆ. ಸಕಾಲದಲ್ಲಿ ಆಸ್ಪತ್ರೆ ಸೇರುವುದು, ಹೇಳಿದ ಮಾತ್ರೆಗಳನ್ನು ತಪ್ಪದೆ ಸೇವಿಸುವುದು, ತಂಬಾಕನ್ನು ತ್ಯಜಿಸುವುದು, ದಿನವೂ ನಡೆಯುವುದು ಇವು ಇಂದೇ ಪ್ರತಿಯೊಬ್ಬರ ಕೈಯಲ್ಲಿರುವ ಉಪಾಯಗಳು.